ಪ್ರಮಾಣವಚನ ಮತ್ತು ಅಣುವ್ರತ

ದೇವರಿಗೆ ಅಂಜದ ರಾಜಕಾರಣಿ ಪಾಪಕ್ಕೆ ಅಂಜುವನೆ ಎಂಬ ಆಕ್ಷೇಪವುಂಟು. ಇದು ಜೈನರಿಗೆ ಒಪ್ಪುವ ಮಾತಲ್ಲ. ಸೃಷ್ಟಿಕರ್ತನನ್ನು ಒಪ್ಪದ ಕಾರಣಕ್ಕೆ ನಾಸ್ತಿಕರೆನಿಸಿಕೊಂಡವರು ಜೈನರೇ ಅಲ್ಲವೆ? ಕರ್ಮಫಲವನ್ನು ಯಾವ ದೇವರೂ ಹಂಚುವುದಿಲ್ಲ, ಮಾಡಿದವನೇ ಉಣ್ಣುತ್ತಾನೆ.

ಸಂವಿಧಾನದ ಮೂರನೆಯ ಅನುಸೂಚಿಯು ಶಾಸಕನಿಗೆ ಎರಡು ದಾರಿಗಳನ್ನು ತೆರೆದಿಟ್ಟಿದೆ: ದೇವರ ಹೆಸರಿನಲ್ಲಿ ಪ್ರಮಾಣ, ಇಲ್ಲವೆ ಸತ್ಯನಿಷ್ಠೆಯ ಪ್ರತಿಜ್ಞೆ. 2023ರ ಮೇ ತಿಂಗಳಲ್ಲಿ ಡಿ.ಕೆ. ಶಿವಕುಮಾರ್ ಗಂಗಾಧರಜ್ಜನ ಹೆಸರಿನಲ್ಲಿ, ಸತೀಶ ಜಾರಕಿಹೊಳಿ ಬುದ್ಧ, ಬಸವ, ಅಂಬೇಡ್ಕರರ ಹೆಸರಿನಲ್ಲಿ ಪ್ರಮಾಣ ಸ್ವೀಕರಿಸಿದರು. ಹೆಸರು ಬೇರೆಯಾದರೂ ಹೊತ್ತ ಹೊಣೆ ಒಂದೇ.

ಸೇಡಂ ತಾಲ್ಲೂಕಿನ ಮಳಖೇಡದಿಂದ 9ನೆಯ ಶತಮಾನದಲ್ಲಿ ಆಳಿದ ಅಮೋಘವರ್ಷ ನೃಪತುಂಗನು ಜಿನಸೇನಾಚಾರ್ಯರ ಶಿಷ್ಯ. ಪ್ರಜೆಗಳ ಸಂಕಟ ನೀಗಲೆಂದು ಆತನು ತನ್ನ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಸಂಜಾನ್ ತಾಮ್ರಶಾಸನ ಹೇಳುತ್ತದೆ. ಅಲ್ಲಿ ದೊಡ್ಡದು ದೇವತೆಯ ಹೆಸರಲ್ಲ, ಪ್ರಜೆಗಾಗಿ ಮಾಡಿದ ತ್ಯಾಗ.

ನಂಬಿಕೆಯನ್ನು ಅಳೆಯುವ ಕೋಲಿಲ್ಲ. ಪರಿಗ್ರಹವನ್ನು ಅಳೆಯುವ ಕೋಲುಂಟು. ಸುಪ್ರೀಂ ಕೋರ್ಟಿನ 2002ರ ತೀರ್ಪಿನ ತರುವಾಯ ಅಭ್ಯರ್ಥಿಗಳು ಆಸ್ತಿ, ಸಾಲ, ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ಘೋಷಿಸಬೇಕಾಗಿದೆ. ಬಸದಿಯ ಆಡಳಿತ ಮಂಡಳಿಗಳು ಶಾಲು ಹೊದಿಸುವ ಮುನ್ನ ಆ ಪತ್ರವನ್ನು ಓದಲಿ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವುದು ಶ್ರಾವಕನ ಅಣುವ್ರತ. ಐದೇ ವರ್ಷಗಳಲ್ಲಿ ಅನ್ಯಾಯದಿಂದ ಆಸ್ತಿಯನ್ನು ಹಿಗ್ಗಿಸಿಕೊಂಡವನು ಜಿನಬಿಂಬಕ್ಕೆ ಕೈಮುಗಿದರೇನು, ಮುಗಿಯದಿದ್ದರೇನು?