ಮೊದಲ ಮೆಟ್ಟಿಲಿಗೆ ಅಡ್ಡಿ ಯಾರದು?

ಸುಳ್ಯದ ಪಯಸ್ವಿನಿ ಘಟ್ಟದಲ್ಲಿ ಹುಟ್ಟಿ, ಕಾಸರಗೋಡಿನ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಅದೇ ತಾಲೂಕಿನ ಮರ್ಕಂಜದಂತಹ ಅಡಿಕೆ ತೋಟಗಳ ಊರಿನಿಂದ ಮಂಗಳೂರಿಗೆ ಓದಲು ಬರುವ ಮಕ್ಕಳಿಗೆ ಮಾತ್ರ ಸಮುದ್ರವು ರಜಾದಿನದ ವಿಹಾರಸ್ಥಳವಾಗಿಯೇ ಉಳಿದಿದೆ. ಎನ್‌ಸಿಸಿಯ ನೌಕಾ ವಿಭಾಗ ಈ ಅಂತರವನ್ನು ದಾಟಿಸಬಲ್ಲ ಒಂದು ಸೇತುವೆ. ಆದರೆ ನಮ್ಮಲ್ಲಿ ಎಷ್ಟು ಕುಟುಂಬಗಳು ಅದರ ಕುರಿತು ಗಂಭೀರವಾಗಿ ಯೋಚಿಸಿವೆ?

1948ರಲ್ಲಿ ಸ್ಥಾಪನೆಯಾದ ಎನ್‌ಸಿಸಿಗೆ ನೌಕಾ ವಿಭಾಗ ಸೇರ್ಪಡೆಯಾದದ್ದು 1952ರಲ್ಲಿ. ಮಂಗಳೂರಿನಲ್ಲೂ ಅದರ ಘಟಕವಿದೆ. ಇಲ್ಲಿ ಕವಾಯತಿನ ಜೊತೆಗೆ ದೋಣಿಗೆ ಹುಟ್ಟು ಹಾಕುವುದು, ಹಾಯಿ ನಿಭಾಯಿಸುವುದು, ಹಗ್ಗದ ಗಂಟುಗಳನ್ನು ಬಿಗಿಯುವುದು, ಬಾವುಟಗಳ ಮೂಲಕ ಸಂದೇಶ ಕಳುಹಿಸುವುದು, ಹಡಗಿನ ಮಾದರಿ ತಯಾರಿಸುವುದು ಮುಂತಾದವನ್ನು ಕಲಿಸಲಾಗುತ್ತದೆ. ಸಾಮಾನ್ಯ ಕೆಡೆಟ್ ಆಗಿ ಸೇರಿದವನು ಪಡೆಯುವ ಮೊದಲ ಬಡ್ತಿ ಲೀಡಿಂಗ್ ಕೆಡೆಟ್. ಅದರ ಮೇಲೆ ಪೆಟ್ಟಿ ಆಫೀಸರ್ ಕೆಡೆಟ್, ಕೆಡೆಟ್ ಕ್ಯಾಪ್ಟನ್ ಮುಂತಾದ ದರ್ಜೆಗಳಿವೆ.

ಲೀಡಿಂಗ್ ಕೆಡೆಟ್ ಎಂಬುದು ಕಿರಿಯ ದರ್ಜೆಯೇ ಇರಬಹುದು. ಆದರೆ ಅದು ಶಿಫಾರಸಿನಿಂದಾಗಲಿ ತಂದೆಯ ವರ್ಚಸ್ಸಿನಿಂದಾಗಲಿ ಬರುವಂಥದ್ದಲ್ಲ. ತಪ್ಪದ ಹಾಜರಾತಿ, ಶಿಸ್ತು ಮತ್ತು ಕಲಿತದ್ದನ್ನು ಮಾಡಿ ತೋರಿಸುವ ಸಾಮರ್ಥ್ಯ, ಇವೇ ಅದರ ಬೆಲೆ. ದೋಣಿಯಲ್ಲಿ ಒಬ್ಬನ ಹುಟ್ಟು ತಾಳ ತಪ್ಪಿದರೆ ಎಲ್ಲರ ಶ್ರಮವೂ ವ್ಯರ್ಥವಾಗುತ್ತದೆ. ಅಲ್ಲಿ ಜಾತಿ ಧರ್ಮಗಳ ಗೋಡೆ ಮಾತಿಲ್ಲದೆ ಕುಸಿಯುತ್ತದೆ. ನಮ್ಮ ಜಿಲ್ಲೆಗೆ ಇಂದು ಅತ್ಯಗತ್ಯವಾಗಿರುವುದು ಇಂತಹ ಒಡನಾಟವೇ ಅಲ್ಲವೇ?

ಹಾಗಿದ್ದೂ ನಮ್ಮ ಮಕ್ಕಳು ಹಿಂದೆ ಉಳಿಯುವುದೇಕೆ? ಸರಕಾರದ ತಾರತಮ್ಯವನ್ನು ದೂರುವುದು ಸುಲಭ, ಆ ದೂರಿನಲ್ಲಿ ಹುರುಳಿಲ್ಲವೆಂದೂ ಅಲ್ಲ. ಸಮುದಾಯದ ಹಿಂದುಳಿಯುವಿಕೆಯನ್ನು 2006ರಲ್ಲಿ ಸಾಚಾರ್ ಸಮಿತಿ ದಾಖಲೆ ಸಮೇತ ತೆರೆದಿಟ್ಟಿದೆ. ಆದರೆ ಕೆಲವು ಅಡ್ಡಿಗಳು ನಮ್ಮ ಮನೆಯೊಳಗೇ ಇವೆ. ಭಾನುವಾರದ ಕವಾಯತು ಮತ್ತು ಭಾನುವಾರದ ಮದ್ರಸ ತರಗತಿ ಪರಸ್ಪರ ಡಿಕ್ಕಿ ಹೊಡೆದಾಗ ಮಗು ಎರಡರಲ್ಲೊಂದನ್ನು ಬಿಡಬೇಕಾಗುತ್ತದೆ. ಹಾಜರಾತಿ ಕಡಿಮೆಯಾದರೆ ಬಡ್ತಿಯೂ ಇಲ್ಲ, 'ಎ' ಪ್ರಮಾಣಪತ್ರದ ಪರೀಕ್ಷೆಯೂ ಇಲ್ಲ. ದೀನಿ ಶಿಕ್ಷಣವನ್ನು ಕಡೆಗಣಿಸಬೇಕೆಂದು ನಾವು ಹೇಳುತ್ತಿಲ್ಲ. ಅಂತಹ ಮಕ್ಕಳಿಗೆ ಬೇರೊಂದು ಹೊತ್ತಿನಲ್ಲಿ ಪಾಠ ಹೇಳಿಕೊಡಲು ಜಮಾಅತ್ ಕಮಿಟಿಗಳು ಮನಸ್ಸು ಮಾಡಿದರೆ ಎರಡೂ ಉಳಿಯುತ್ತವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಸಂಕೋಚ ಇನ್ನಷ್ಟು ಹೆಚ್ಚು. ಉಡುಪು, ಶಿಬಿರ, ಸುರಕ್ಷತೆಯ ಕುರಿತು ಹೆತ್ತವರು ಕೇಳುವ ಪ್ರಶ್ನೆಗಳು ನ್ಯಾಯವಾದವುಗಳೇ. ಅವುಗಳನ್ನು ಕಾಲೇಜಿನ ಎನ್‌ಸಿಸಿ ಅಧಿಕಾರಿಯ ಮುಂದಿಟ್ಟು ಉತ್ತರ ಪಡೆಯಬೇಕೇ ಹೊರತು ಬಾಗಿಲನ್ನೇ ಮುಚ್ಚುವುದಲ್ಲ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯ ಮೂಲಕ ನೌಕಾಪಡೆಯು ಮೊದಲ ಬಾರಿಗೆ ಮಹಿಳೆಯರನ್ನು ನಾವಿಕರಾಗಿ ಸೇರಿಸಿಕೊಂಡಿದೆ ಎಂಬುದನ್ನೂ ಮರೆಯಬಾರದು.

ಸಮುದ್ರ ನಮಗೆ ಪರಕೀಯವೂ ಅಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ ಇಲ್ಲಿನ ಮುಸ್ಲಿಮ್ ವಸತಿಯ ಬಗ್ಗೆ ಬರೆದಿಟ್ಟಿದ್ದಾನೆ. ಕಲ್ಲಿಕೋಟೆಯ ಸಾಮೂದಿರಿಯ ನೌಕಾಬಲವನ್ನು ಮುನ್ನಡೆಸಿ ಪೋರ್ಚುಗೀಸರನ್ನು ಎದುರಿಸಿದವರು ಕುಂಞಾಲಿ ಮರಕ್ಕಾರ್‌ಗಳು. ಮುಂಬೈಯಲ್ಲಿರುವ ಭಾರತೀಯ ನೌಕಾಪಡೆಯ ನೆಲೆಯೊಂದು ಇಂದಿಗೂ ಐಎನ್‌ಎಸ್ ಕುಂಜಾಲಿ ಎಂಬ ಹೆಸರು ಹೊತ್ತಿದೆ. ಆದರೆ ಪೂರ್ವಿಕರ ಹೆಸರು ಹೇಳಿ ಹೆಮ್ಮೆಪಟ್ಟ ಮಾತ್ರಕ್ಕೆ ಮೊಮ್ಮಕ್ಕಳಿಗೆ ಈಜು ಬರುವುದಿಲ್ಲ.

ಸರಕಾರಕ್ಕೂ ಹೊಣೆಯಿದೆ. 173 ಗಡಿ ಮತ್ತು ಕರಾವಳಿ ಜಿಲ್ಲೆಗಳಿಗೆ ಎನ್‌ಸಿಸಿಯನ್ನು ವಿಸ್ತರಿಸಿ ಒಂದು ಲಕ್ಷ ಹೊಸ ಕೆಡೆಟ್‌ಗಳಿಗೆ ತರಬೇತಿ ನೀಡುವುದಾಗಿ 2020ರ ಸ್ವಾತಂತ್ರ್ಯ ದಿನದಂದು ಪ್ರಧಾನಿ ಘೋಷಿಸಿದ್ದರು. ಕರಾವಳಿ ಜಿಲ್ಲೆಯೆಂದರೆ ಕಡಲ ದಂಡೆ ಮಾತ್ರವಲ್ಲ. ಸುಳ್ಯ, ಕಡಬಗಳ ಸರಕಾರಿ ಶಾಲೆಯ ಮಗುವಿಗೂ ಅದರಲ್ಲಿ ಪಾಲಿರಬೇಕು. ಜನಪ್ರತಿನಿಧಿಗಳು ಇದನ್ನು ಕೇಳಿ ಪಡೆಯಬೇಕು.

ಈ ದರ್ಜೆಯಿಂದ ನೌಕರಿ ಖಾತರಿಯಾಗುವುದಿಲ್ಲ, ನಿಜ. ಆದರೆ ಸ್ವಂತ ಬೆವರಿನಿಂದ ಗಳಿಸಿದ ಮೊದಲ ಗೌರವ ಯುವಕನ ಬೆನ್ನನ್ನು ನೇರಗೊಳಿಸುತ್ತದೆ. ತಮ್ಮನ್ನು ಸದಾ ಸಂಶಯದಿಂದ ನೋಡಲಾಗುತ್ತಿದೆ ಎಂಬ ನೋವಿನಲ್ಲಿ ಬೆಳೆಯುತ್ತಿರುವ ಪೀಳಿಗೆಗೆ ಇದಕ್ಕಿಂತ ಒಳ್ಳೆಯ ಮದ್ದು ಯಾವುದಿದೆ? ಈ ಶೈಕ್ಷಣಿಕ ವರ್ಷದಲ್ಲಾದರೂ ಹೆತ್ತವರು, ಉಸ್ತಾದರು ಮತ್ತು ಜಮಾಅತ್‌ಗಳು ಕುಳಿತು ಈ ಬಗ್ಗೆ ತೀರ್ಮಾನಿಸಲಿ.