ಪ್ರೋಟೀನಿನೊಳಗೆ ಅಳತೆ, ನಿಮ್ಮ ಕೈಯಲ್ಲಿ ರಬ್ಬರು

ಮಕ್ಕಳೇ, ಐದು ಮಂದಿ ಸೇರಿ ತರಗತಿಯ ಮೇಜಿನ ಉದ್ದ ಅಳೆದಿರಿ ಎನ್ನಿ. ನಾಲ್ವರಿಗೆ 121 ಸೆಂ.ಮೀ., ಒಬ್ಬಳಿಗೆ 122 ಸೆಂ.ಮೀ. ಬಂತು. ಆಕೆ ಕೂಡಲೇ ರಬ್ಬರು ಹುಡುಕುತ್ತಾಳೆ. ಅಳಿಸಬೇಡಿ ಎಂಬುದೇ ನನ್ನ ವಾದ. (ಹಿಂದೆ ನಾನೂ ಇಂಥ 122ಕ್ಕೆ ಕೆಂಪು ಗೀಟು ಎಳೆದವನೇ!) ಏಕೆಂದು ತಿಳಿಯಲು ಬಹಳ ಚಿಕ್ಕದೊಂದು ಅಳತೆಯ ವಿಷಯ ಕೇಳಿ.

ನಿಮ್ಮ ಸ್ನಾಯು, ಕೂದಲು, ರಕ್ತ ಎಲ್ಲದರಲ್ಲೂ ಪ್ರೋಟೀನುಗಳಿವೆ. ಅನೇಕ ಪ್ರೋಟೀನುಗಳು ಮಡಿಚಿಕೊಂಡು ಉಂಡೆಯಾದ ಸರಪಳಿಗಳು. ಉಂಡೆಯ ಅಗಲ ಕೆಲವೇ ನ್ಯಾನೊಮೀಟರ್. ನಿಮ್ಮ ಸ್ಕೇಲಿನ ಒಂದು ಮಿ.ಮೀ.ನಲ್ಲಿ 10 ಲಕ್ಷ ನ್ಯಾನೊಮೀಟರ್‌ಗಳಿವೆ! ಇಷ್ಟು ಪುಟ್ಟ ಉಂಡೆಯೊಳಗಿನ ಎರಡು ಜಾಗಗಳ ದೂರವನ್ನು ಹೇಗೆ ಅಳೆಯುತ್ತೀರಿ?

ಆ ಎರಡೂ ಜಾಗಗಳಿಗೆ ಗ್ಯಾಡೊಲಿನಿಯಂ ಲೋಹದ ಒಂದೊಂದು ಅಯಾನನ್ನು ಅಂಟಿಸುತ್ತಾರೆ. ಅದರಲ್ಲಿ ಜೋಡಿಯಿಲ್ಲದ 7 ಇಲೆಕ್ಟ್ರಾನುಗಳಿವೆ. ಆದ್ದರಿಂದ ಅದೊಂದು ಪುಟ್ಟ ಅಯಸ್ಕಾಂತ. ಮಾದರಿಯನ್ನು ಸುಮಾರು ಮೈನಸ್ 263 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ದೊಡ್ಡ ಅಯಸ್ಕಾಂತದೊಳಗಿಟ್ಟು, ಮೈಕ್ರೊವೇವ್ ಮಿಡಿತಗಳನ್ನು ಕೊಡುತ್ತಾರೆ. ಒಂದನ್ನು ಮಗುಚಿದರೆ ಇನ್ನೊಂದಕ್ಕೆ ತಿಳಿಯುತ್ತದೆ! ಅದರ ಸಂಕೇತ ಏರಿಳಿಯುತ್ತದೆ. ಏರಿಳಿತ ಚುರುಕಾಗಿದ್ದರೆ ಹತ್ತಿರ, ನಿಧಾನವಾಗಿದ್ದರೆ ದೂರ. ದೂರ ಎರಡರಷ್ಟಾದರೆ ಏರಿಳಿತದ ವೇಗ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಸುಮಾರು 8 ನ್ಯಾನೊಮೀಟರ್‌ವರೆಗೆ ಹೀಗೆ ಅಳೆಯಬಹುದು. 1981ರಲ್ಲಿ ಸೋವಿಯತ್ ಒಕ್ಕೂಟದ ನೊವೊಸಿಬಿರ್ಸ್ಕ್‌ನಲ್ಲಿ ಈ ವಿಧಾನ ಹುಟ್ಟಿತು. ಗ್ಯಾಡೊಲಿನಿಯಂ ಬಳಸಬಹುದೆಂದು ಇಸ್ರೇಲಿನ ಡೇನಿಯೆಲಾ ಗೋಲ್ಡ್‌ಫಾರ್ಬ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು; 2014ರಲ್ಲಿ ಮಾನವ ಜೀವಕೋಶದೊಳಗೇ ಅಳೆದರು.

ಆದರೆ ಉತ್ತರವಾಗಿ ಒಂದೇ ಸಂಖ್ಯೆ ಬರುವುದಿಲ್ಲ, ಗುಡ್ಡದಂಥ ನಕ್ಷೆ ಬರುತ್ತದೆ. ಪ್ರೋಟೀನುಗಳು ಸದಾ ಅಲುಗುತ್ತಿರುತ್ತವೆ. ಹೆಪ್ಪುಗಟ್ಟುವ ಗಳಿಗೆಯಲ್ಲಿ ಒಂದು ಚಾಚಿಕೊಂಡಿತ್ತು, ಇನ್ನೊಂದು ಮುದುಡಿತ್ತು. ಕೆಲವೊಮ್ಮೆ ದೊಡ್ಡ ಗುಡ್ಡದ ಪಕ್ಕದಲ್ಲಿ ಚಿಕ್ಕದೊಂದು ಏಳುತ್ತದೆ. ಅದು ಯಂತ್ರದ ಗದ್ದಲವೇ ಇರಬಹುದು. ಅಯಾನನ್ನು ಹಿಡಿದಿರುವ ಕೊಂಡಿ ಬಾಗಿದ್ದೂ ಕಾರಣವಿರಬಹುದು. ಪ್ರೋಟೀನಿನ ಎರಡನೆಯ ಆಕಾರವೂ ಆಗಿರಬಹುದು! ತಿಳಿದವರು ಅದನ್ನು ಅಳಿಸುವುದಿಲ್ಲ. ಕೊಂಡಿಯನ್ನು ಬದಲಿಸಿ ಮತ್ತೆ ಅಳೆಯುತ್ತಾರೆ. ಅಳಿಸಿದ್ದರೆ ಆ ಎರಡನೆಯ ಆಕಾರ ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ನಿಮ್ಮ ಮೇಜಿಗೇ ಬರೋಣ. 122 ಬರೆದವಳು ಮೇಜಿನ ಯಾವ ಅಂಚನ್ನು ಅಳೆದಳು? ಆ ಕಡೆಯದನ್ನೂ ನೀವು ಅಳೆದು ನೋಡಿದಿರಾ?