ಎರಡು ಜಾರ್ಜ್‌ಟೌನ್

ಮಣಲಿಯಿಂದ ಪ್ಯಾರಿಸ್ ಕಾರ್ನರ್‌ಗೆ ಬಸ್ ಹಿಡಿದರೆ ನೀವು ಇಳಿಯುವುದು ಜಾರ್ಜ್‌ಟೌನ್‌ನಲ್ಲಿ. ಬ್ರಿಟಿಷರು ಬ್ಲ್ಯಾಕ್ ಟೌನ್ ಎನ್ನುತ್ತಿದ್ದ ಈ ಪ್ರದೇಶಕ್ಕೆ ಐದನೇ ಜಾರ್ಜ್ ದೊರೆಯ ಹೆಸರು ಬಿದ್ದದ್ದು 1911ರಲ್ಲಿ. ಅದಕ್ಕೂ 99 ವರ್ಷ ಮೊದಲು, 1812ರಲ್ಲಿ, ಭೂಮಿಯ ಆಚೆ ಬದಿಯ ಇನ್ನೊಂದು ಊರಿಗೆ ಮೂರನೇ ಜಾರ್ಜ್‌ನ ಹೆಸರಿಟ್ಟಿದ್ದರು. ಅದು ಗಯಾನಾ ದೇಶದ ರಾಜಧಾನಿ ಜಾರ್ಜ್‌ಟೌನ್. ಭೂಪಟದಲ್ಲಿ ಅದು ದಕ್ಷಿಣ ಅಮೆರಿಕದಲ್ಲಿದೆ. ಆದರೆ ಕ್ರಿಕೆಟ್‌ನಲ್ಲೂ ರಾಜಕೀಯದಲ್ಲೂ ಅದು ಕೆರಿಬಿಯನ್ನಿನದೇ. ಕೆರಿಬಿಯನ್ ದೇಶಗಳ ಒಕ್ಕೂಟ ಕ್ಯಾರಿಕಾಮ್‌ನ ಕೇಂದ್ರ ಕಚೇರಿಯೂ ಅಲ್ಲೇ.

ಗಯಾನಾದ ಸಮುದ್ರದಲ್ಲಿ 2015ರಲ್ಲಿ ಭಾರೀ ತೈಲ ಸಿಕ್ಕಿತು. 2019ರ ಡಿಸೆಂಬರ್‌ನಲ್ಲಿ ಉತ್ಪಾದನೆ ಶುರುವಾಯಿತು. ಎಣ್ಣೆ ಇದ್ದಲ್ಲಿ ಸಾಫ್ಟ್‌ವೇರ್ ಇರಲೇಬೇಕು, ಹಾಗಾಗಿ ಪ್ರಾಜೆಕ್ಟ್ ನೆಪದಲ್ಲಿ ನಾನೂ ಅಲ್ಲಿಗೆ ಹೋದೆ. ವಾರಾಂತ್ಯದ ಎರಡು ದಿನ ಪಕ್ಕಾ ಪ್ರವಾಸಿಯಾಗಿ ಸುತ್ತಿದೆ. ಭಾರತದಿಂದ ನೇರ ವಿಮಾನವಿಲ್ಲ. ವಿಮಾನ ನಿಲ್ದಾಣದಿಂದ ಊರಿಗೆ ಸುಮಾರು 40 ಕಿಲೋಮೀಟರ್. ನಮಗೂ ಅವರಿಗೂ ಒಂಬತ್ತೂವರೆ ಗಂಟೆಯ ಅಂತರ; ಮನೆಗೆ ಫೋನ್ ಮಾಡುವ ಮುನ್ನ ಲೆಕ್ಕ ಹಾಕಿಕೊಳ್ಳಿ.

ಊರು ನೋಡಲು ನಡಿಗೆಯೇ ಸರಿ. ಸೇಂಟ್ ಜಾರ್ಜ್ ಕೆಥೆಡ್ರಲ್ 143 ಅಡಿ ಎತ್ತರದ ಮರದ ಇಗರ್ಜಿ. ಒಳಗೆ ನಿಂತು ತಲೆ ಎತ್ತಿದರೆ ಮಲೆನಾಡಿನ ದೊಡ್ಡ ತೊಟ್ಟಿಮನೆಯ ತೊಲೆಗಳು ನೆನಪಾದವು. ಡೆಮೆರಾರಾ ನದಿಯ ದಡದಲ್ಲಿ 1881ರ ಸ್ಟಾಬ್ರುಕ್ ಮಾರ್ಕೆಟ್ ಇದೆ. ಕಬ್ಬಿಣದ ಚೌಕಟ್ಟು, ಮೇಲೊಂದು ಗಡಿಯಾರದ ಗೋಪುರ. ಜೇಬಿನ ಮೇಲೆ ಕೈ ಇರಲಿ. ಡಚ್ಚರ ಕಾಲದಲ್ಲಿ ಊರಿನ ಹೆಸರೂ ಸ್ಟಾಬ್ರುಕ್ ಆಗಿತ್ತು.

ಡಚ್ಚರು ಬಿಟ್ಟುಹೋದ ಇನ್ನೊಂದು ವಸ್ತು ನೀರಿನ ಲೆಕ್ಕಾಚಾರ. ಸಮುದ್ರ ಉಬ್ಬಿದಾಗ ಈ ಊರು ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಉದ್ದಕ್ಕೂ ಸಮುದ್ರ ಗೋಡೆ, ಊರೊಳಗೆ ಕಾಲುವೆಗಳು, ಕಾಲುವೆಯ ತುದಿಗೆ 'ಕೋಕರ್' ಎಂಬ ತೂಬಿನ ಬಾಗಿಲು. ಇಳಿತದಲ್ಲಿ ಬಾಗಿಲು ಎತ್ತಿ ಮಳೆನೀರನ್ನು ಹೊರಗೆ ಬಿಡುತ್ತಾರೆ, ಉಬ್ಬರದಲ್ಲಿ ಇಳಿಸುತ್ತಾರೆ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೀರು ಎಣ್ಣೆಯ ಸಮೇತ ಮಣಲಿ, ಎಣ್ಣೂರಿನ ಕಡೆ ನುಗ್ಗಿದ್ದನ್ನು ಕಂಡವರಿಗೆ ಆ ಮರದ ಬಾಗಿಲು ಸಣ್ಣ ವಿಷಯ ಅನಿಸುವುದಿಲ್ಲ.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಮಾನ್ಯುಮೆಂಟ್ ಗಾರ್ಡನ್ಸ್‌ನಲ್ಲಿರುವ ಹಡಗಿನ ಪ್ರತಿಕೃತಿ. ಗುಲಾಮಗಿರಿ ಮುಗಿಯುತ್ತಿದ್ದಂತೆ ಕಬ್ಬಿನ ತೋಟಗಳಿಗೆ ಆಳು ಬೇಕಾದರು. ಕಲ್ಕತ್ತಾದಿಂದ ಹೊರಟ 'ವಿಟ್ಬಿ' ಹಡಗು 1838ರ ಮೇ 5ರಂದು ಮೊದಲ ತಂಡವನ್ನು ತಂದಿತು. 1917ರವರೆಗೆ ಹೀಗೆ ಕರಾರಿನ ಕೂಲಿಗಳಾಗಿ ಬಂದ ಭಾರತೀಯರು 2.3 ಲಕ್ಷಕ್ಕೂ ಹೆಚ್ಚು. ಇಂದು ದೇಶದ ಹತ್ತು ಜನರಲ್ಲಿ ಸುಮಾರು ನಾಲ್ವರು ಅವರ ವಂಶದವರು. ಬಹುಪಾಲು ಕಲ್ಕತ್ತಾದಿಂದ ಹೋದರೂ 1840ರ ದಶಕದಿಂದ ಮದ್ರಾಸಿನಿಂದಲೂ ಹಡಗುಗಳು ಹೊರಟವು. ಆಗ ಮದ್ರಾಸಿಗೆ ಕಟ್ಟಿದ ಬಂದರೇ ಇರಲಿಲ್ಲ. ಹಗ್ಗದಿಂದ ಹೊಲಿದ ಮಸೂಲಾ ದೋಣಿಗಳಲ್ಲಿ ಅಲೆ ದಾಟಿಸಿ, ದೂರ ನಿಂತ ಹಡಗಿಗೆ ಜನರನ್ನು ಹತ್ತಿಸುತ್ತಿದ್ದರು. ಅಂದರೆ ನಮ್ಮ ಜಾರ್ಜ್‌ಟೌನ್ ಎದುರಿನ ಕಡಲಿನಿಂದ ಆ ಜಾರ್ಜ್‌ಟೌನ್‌ಗೆ, ತಿಂಗಳುಗಟ್ಟಲೆ ಪ್ರಯಾಣ.

ಅಲ್ಲಿ ಇಳಿದ ಮೇಲೆ ಅವರೆಲ್ಲರಿಗೂ ಒಂದೇ ಹೆಸರು: ಮದ್ರಾಸಿ. ತಮಿಳರೂ ಮದ್ರಾಸಿ, ತೆಲುಗರೂ ಮದ್ರಾಸಿ. ದೆಹಲಿಯಲ್ಲೋ ಮುಂಬೈಯಲ್ಲೋ ಇರುವ ಕನ್ನಡಿಗರಿಗೆ ಈ ಪದವನ್ನು ನಾನು ವಿವರಿಸಬೇಕಿಲ್ಲ. ನಮ್ಮ ಮಂಗಳೂರು 1956ರವರೆಗೆ, ಬಳ್ಳಾರಿ 1953ರವರೆಗೆ ಇದೇ ಮದ್ರಾಸಿನ ಆಡಳಿತದಲ್ಲಿದ್ದವು ಎಂಬುದೂ ನೆನಪಿರಲಿ.

ನನ್ನ ಟ್ಯಾಕ್ಸಿ ಚಾಲಕ ನಾನು ಚೆನ್ನೈನವನೆಂದು ತಿಳಿದ ಕೂಡಲೇ ಹಿಂದಕ್ಕೆ ತಿರುಗಿ, "ನನ್ನ ಅಜ್ಜಿ ಮದ್ರಾಸಿ. ಮದ್ರಾಸಿ ಭಾಷೆಯಲ್ಲಿ ಏನಾದರೂ ಹೇಳಿ" ಅಂದ. ಹಾಗೊಂದು ಭಾಷೆಯಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ತಮಿಳಿನಲ್ಲಿ ಎರಡು ಮಾತು ಹೇಳಿದೆ, ಕನ್ನಡದಲ್ಲಿ "ಊಟ ಆಯ್ತಾ?" ಅಂದೆ. ಎರಡೂ ಅವನಿಗೆ ಒಂದೇ. ಆದರೆ ಕಾಳಿ ಪೂಜೆಯ ವಿಷಯ ಬಂದಾಗ ಅವನ ಮುಖ ಅರಳಿತು. ಅಲ್ಲಿನ ಪೂಜೆಯಲ್ಲಿ ಮಾರಿಯಮ್ಮ ಇದ್ದಾಳೆ, ಹಾಡಿನಲ್ಲಿ ತಮಿಳು ಪದಗಳಿವೆ, ಬಾರಿಸುವ ವಾದ್ಯದ ಹೆಸರು 'ತಪ್ಪು', ನಮ್ಮ ತಮಟೆಯ ಒಡಹುಟ್ಟು. ಪದಗಳ ಅರ್ಥ ಗೊತ್ತಾ ಎಂದು ಕೇಳಿದೆ. "ದೇವಿಗೆ ಗೊತ್ತು" ಅಂದ.

ಮಧ್ಯಾಹ್ನ ದಾಲ್ ಪೂರಿ ತಿಂದೆ. ಬೇಳೆ ತುಂಬಿದ ಮೆತ್ತನೆಯ ರೊಟ್ಟಿ, ಬೆಲ್ಲ ಮರೆತ ಹೋಳಿಗೆ ಎನ್ನಿ. ಜೊತೆಗೆ ಅಲ್ಲಿ 'ಬೋರಾ' ಎನ್ನುವ ಅಲಸಂದೆಕಾಯಿ ಪಲ್ಯ. ಮದುವೆ, ಪೂಜೆಗಳಲ್ಲಿ ತಾವರೆಯ ಎಲೆಯ ಮೇಲೆ ಏಳು ಬಗೆಯ ಪಲ್ಯ ಬಡಿಸುತ್ತಾರೆ. ಎಲೆ ಬದಲಾಗಿದೆ, ಎಲೆಯ ಮೇಲೆ ಊಟ ಬಡಿಸುವುದು ಉಳಿದಿದೆ.

ವಲಸೆ ಹೋದವರ ಮನೆಯಲ್ಲಿ ಯಾವುದು ಮೊದಲು ಹೋಗುತ್ತದೆ, ಯಾವುದು ಕೊನೆಯವರೆಗೆ ಉಳಿಯುತ್ತದೆ ಎಂದು ನೋಡಬೇಕಿದ್ದರೆ ಈ ಊರಿಗೆ ಹೋಗಿ. ಅಡುಗೆ ಉಳಿಯಿತು, ದೇವರು ಉಳಿದರು, ವಾದ್ಯ ಉಳಿಯಿತು. ಮನೆಮಾತು ಮಾತ್ರ ಹೋಯಿತು. ತೋಟದ ಕೂಲಿಗಳಿಗೆ ಅದನ್ನು ಉಳಿಸಿಕೊಳ್ಳುವ ದಾರಿಯೇ ಇರಲಿಲ್ಲ. ಕಾಗದ ಬರೆಯಲು ಅಕ್ಷರವಿಲ್ಲ, ತಿರುಗಿ ಹೋಗಲು ಕಾಸಿಲ್ಲ, ಪಕ್ಕದ ಗುಡಿಸಲಿನವನ ಭಾಷೆ ಬೇರೆ. ಚೆನ್ನೈನ ನಮಗೆ ಬೆಂಗಳೂರು ಐದು ಗಂಟೆಯ ರೈಲಿನ ದೂರ. ಆದರೂ ಇಲ್ಲಿನ ಎಷ್ಟೋ ಕನ್ನಡದ ಮನೆಗಳಲ್ಲಿ ಬಿಸಿಬೇಳೆಬಾತ್ ಇದೆ, ಗೌರಿ ಹಬ್ಬದ ಬಾಗಿನ ಇದೆ, ಮಕ್ಕಳ ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ನಮ್ಮ ಮನೆಯೂ ಅದಕ್ಕೆ ಹೊರತಲ್ಲ. ಈಗ ರಾತ್ರಿ ಊಟದ ಹೊತ್ತಿನಲ್ಲಿ ನಮ್ಮಲ್ಲಿ ಕನ್ನಡ ಮಾತ್ರ. ಮಗಳು ವಾಕ್ಯದ ಅರ್ಧದಲ್ಲಿ ತಡವರಿಸುತ್ತಾಳೆ, ಪದ ಹುಡುಕುತ್ತಾಳೆ. ಸಾರು ಆರಿದರೂ ಕಾಯುತ್ತೇವೆ.